ಬಾರಿನಲ್ಲಿ ಮಂಗಳ

ಸ್ವಲ್ಪ ಹತ್ತಿರ ಬನ್ನಿ. ಆ ಬಾಗಿಲನ್ನೂ ಎಳೆದುಕೊಳ್ಳಿ. ಇದು ನನ್ನ ನಿಮ್ಮ ನಡುವೆಯೇ ಇರಬೇಕು, ಆಣೆ ಮಾಡಿ. ಮೂರನೇ ಮಾಳಿಗೆಯವರಿಗೆ ಹೇಳಿದ್ದೇನೆ, ಅವರು ಗಟ್ಟಿ ಜನ. ಕೆಳಗಿನ ಸೆಕ್ಯೂರಿಟಿಗೂ ಹೇಳಿದ್ದೇನೆ, ಅವನಿಗೆ ಕನ್ನಡ ಬರುವುದಿಲ್ಲ. ಕೊಚ್ಚಿಯ ಕಾಕ್ಕನಾಡಿನ ನಮ್ಮ ಫ್ಲ್ಯಾಟಿನಲ್ಲಿ ಇಂಥವು ವಾರಕ್ಕೊಂದಾದರೂ ನಡೆಯದಿದ್ದರೆ ಸೂರ್ಯ ಹುಟ್ಟುವುದಿಲ್ಲ. ನಾನು ಹುಡುಕಿಕೊಂಡು ಹೋಗುವವಳಲ್ಲಪ್ಪ. ಬಾಗಿಲಿನ ಕಣ್ಣುತೂತಿನಲ್ಲಿ ತಾನಾಗಿ ಕಂಡರೆ ನಾನೆಂತ ಮಾಡಲಿ?

ಕಪ್ಪು ಅಂಗಿಯ ವಾಕಿಂಗ್

ಎದುರು ಮನೆಯಾಕೆ ಮೈಸೂರು ಕಡೆಯವಳು. ಗಂಡ ತಿರುವನಂತಪುರದಲ್ಲಿ ರಾಕೆಟ್ ಕೆಲಸ ಮಾಡಿ ರಿಟೈರಾದ ರಾಯರು. ಆಕೆ ಏನು ಹೇಳಿದರೂ "ತಿರುವನಂತಪುರದಲ್ಲಿ ನಾವಿದ್ದಾಗ" ಎಂದೇ ಶುರು. ಅಲ್ಲಿ ನೀರೇ ಬೇರೆ, ಅವಿಯಲೇ ಬೇರೆ, ದೇವರೂ ಬೇರೆಯೋ ಏನೋ. ಪ್ರತಿ ಶನಿವಾರ ಸಂಜೆ ನಾವು ಕನ್ನಡದ ಹೆಂಗಸರೆಲ್ಲ ಸೇರಿ ಆಕೆಯ ಮನೆಯಲ್ಲಿ ಭಜನೆ ಮಾಡುತ್ತೇವೆ. ಆಕೆ ಮುಂದಿನ ಸಾಲಿನಲ್ಲಿ, ಮೈಕಿನ ಮುಂದೆ. ಕಾಸರಗೋಡಿನಿಂದ ಬಂದ ನಾನು, ಎಲ್ಲರಿಗಿಂತ ಹಿರಿಯಳು, ಆರು ವರ್ಷದಿಂದ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ತಾಳ ಕುಟ್ಟುತ್ತಿದ್ದೇನೆ. ಈ ನವರಾತ್ರಿಗಾದರೂ ಮೈಕಿನ ಮುಂದೆ ಕೂರಬೇಕೆಂದು ನನ್ನ ಆಸೆ. ಕೇಳಿದರೆ, "ನೋಡೋಣ ದೊಡ್ಡಮ್ಮ" ಎನ್ನುತ್ತಾಳೆ. ಆ "ನೋಡೋಣ"ಕ್ಕೆ ಆರು ವರ್ಷ ತುಂಬಿತು.

ಇತ್ತೀಚೆಗೆ ರಾಯರು ಭಜನೆಯ ಹೊತ್ತಿಗೆ ಸರಿಯಾಗಿ ಹೊರಗೆ ಹೊರಡತೊಡಗಿದರು. ಇಸ್ತ್ರಿ ಮಾಡಿದ ಕಪ್ಪು ಅಂಗಿ, ಪಾಲಿಶ್ ಮಾಡಿದ ಬೂಟು.

"ರಾಯರೇ, ಎಲ್ಲಿಗೆ?"

"ವಾಕಿಂಗ್ ದೊಡ್ಡಮ್ಮ."

"ಕಪ್ಪು ಅಂಗಿಯಲ್ಲಿಯೋ?"

"ಕೊಳೆ ಕಾಣಲ್ಲ ನೋಡಿ."

ವಾಕಿಂಗಿಗೆ ಹೊರಟವರು ಗೇಟಿನಲ್ಲಿ ಆಟೋ ಹತ್ತಿದರು. ನಡೆದು ನಡೆದು ಸುಸ್ತಾಗುತ್ತದಲ್ಲ, ಪಾಪ.

ಮೊಮ್ಮಗಳ ಫೋನು

ನನ್ನ ಮೊಮ್ಮಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಬಾಯಿಂದ ಹೊರಡುವುದು ಮಾತ್ರ ಮಲಯಾಳ. ರಾಯರ ಕಪ್ಪು ಅಂಗಿಯ ವಿಷಯ ಅವಳ ಹತ್ತಿರ ಎತ್ತಿದೆ. ಬಿದ್ದು ಬಿದ್ದು ನಕ್ಕಳು. "ಅಮ್ಮೂಮ್ಮೇ, ಆ ಅಂಕಲ್ ಡ್ರಮ್ಮರ್!" ಎಂದು ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ಎರ್ನಾಕುಲಂನಲ್ಲಿ ಒಂದು ಚಿಕ್ಕ ಬಾರಂತೆ. ಶನಿವಾರ ಸಂಜೆ ಊರಿನ ಹುಡುಗರ ಬ್ಯಾಂಡುಗಳು ಒಂದರ ಹಿಂದೆ ಒಂದು ಅಲ್ಲಿ ಹಾಡುತ್ತವಂತೆ. ಫೋಟೋದಲ್ಲಿ ನಾಲ್ಕು ಗಡ್ಡದ ಹುಡುಗರು, ಅವರ ಹಿಂದೆ ಡ್ರಮ್ಮಿನ ನಡುವೆ ನಮ್ಮ ರಾಯರ ಬೋಳು ತಲೆ, ದೀಪ ಹಚ್ಚಿಟ್ಟ ಹಾಗೆ.

ನನಗೆ ಎದೆ ತುಂಬಿ ಬಂತು. ಮೈಕಿನ ಮುಂದಿನ ಜಾಗ ನನ್ನದೇ ಎಂದು ಲೆಕ್ಕ ಹಾಕಿದೆ. ಗಂಡ ಬಾರಿನಲ್ಲಿ ಕುಟ್ಟುತ್ತಾನೆಂದು ಗೊತ್ತಾದರೆ ಆಕೆ ಮುಂದಿನ ಸಾಲಿನಲ್ಲಿ ಕೂರುವ ಮುಖ ಎಲ್ಲಿಂದ ತರುತ್ತಾಳೆ? ಆದರೆ ನಾನು ಕಣ್ಣಾರೆ ನೋಡದೆ ಯಾರ ಮೇಲೂ ಹೇಳುವವಳಲ್ಲ. ಮುಂದಿನ ಶನಿವಾರ ಭಜನೆಗೆ ಮಂಡಿನೋವು ಎಂದು ಹೇಳಿ ಕಳಿಸಿದೆ. ಆಕೆ ಎಣ್ಣೆ ಕಳಿಸಿದಳು. ಹಚ್ಚಿಕೊಂಡು ಮೊಮ್ಮಗಳ ಜೊತೆ ಬಾರಿಗೆ ಹೋದೆ.

ಮೇಜಿನ ಮೇಲಿನ ದೀಪ

ಒಳಗೆ ಕತ್ತಲು, ಸೊಂಟಕ್ಕೆ ಸೊಂಟ ತಾಗುವಷ್ಟು ಜನ. ಪಕ್ಕದ ಮೇಜಿನವರು ತಿನ್ನುತ್ತಿದ್ದುದು ಏನೆಂದು ನಾನು ಕೇಳಲಿಲ್ಲ, ಕೇಳಿದರೆ ಸ್ನಾನ ಮಾಡಬೇಕಾಗುತ್ತಿತ್ತು. ನನಗೆ ಲೈಮ್ ಸೋಡಾ ಬಂತು. ಜೊತೆಗೆ ಗಾಜಿನ ಲೋಟದಲ್ಲಿ ಉರಿಯುವ ಮೇಣದ ಬತ್ತಿ. ಎಲ್ಲಿದ್ದರೂ ದೀಪ ದೀಪವೇ ಅಲ್ಲವೋ? ಎರಡೂ ಕೈ ತೋರಿಸಿ ಕಣ್ಣಿಗೆ ಒತ್ತಿಕೊಂಡೆ. ಪಕ್ಕದ ಮೇಜಿನ ಹುಡುಗ ಹುಡುಗಿಯರು ಅದೇ ಇಲ್ಲಿಯ ಪದ್ಧತಿ ಎಂದುಕೊಂಡು ತಾವೂ ಒತ್ತಿಕೊಂಡರು. ಒಬ್ಬನ ಗಡ್ಡದ ತುದಿ ಸುಟ್ಟಿತು.

ಮೊದಲ ಬ್ಯಾಂಡಿನವನು ಹೊಟ್ಟೆನೋವು ಬಂದವನ ಹಾಗೆ ಬಗ್ಗಿ ಬಗ್ಗಿ ಕಿರುಚಿದ. "ಅವನಿಗೆ ಎಂತ ಆಯಿತು?" ಎಂದೆ. "ಅದು ಫೀಲ್, ಅಮ್ಮೂಮ್ಮೇ" ಎಂದಳು ಮೊಮ್ಮಗಳು. ನಾವು ಅದಕ್ಕೆ ಜೀರಿಗೆ ಕಷಾಯ ಕೊಡುತ್ತಿದ್ದೆವು.

ಮಂಗಳ

ಎರಡನೆಯದು ರಾಯರ ಬ್ಯಾಂಡು. ಮನೆಯಲ್ಲಿ ಸಾರು ಬಡಿಸಿಕೊಳ್ಳಲೂ ಕೈ ಏಳದ ಮನುಷ್ಯ, ಏನು ಹೊಡೆತ ಮಾರಾಯ್ರೆ! ನನಗೆ ಆಸೆ ತಡೆಯಲಿಲ್ಲ. ತಾಳ ಯಾವಾಗಲೂ ನನ್ನ ಕೈಚೀಲದಲ್ಲೇ ಇರುತ್ತದೆ. ತೆಗೆದು ಒಂದೇ ಸಮನೆ ಕುಟ್ಟತೊಡಗಿದೆ. ಆ ಸದ್ದು ಕಿವಿಗೆ ಬಿದ್ದದ್ದೇ ರಾಯರು ತಲೆ ಎತ್ತಿದರು. ಮುಖ ಸುಣ್ಣದ ಹಾಗಾಯಿತು. ಸಿಕ್ಕಿಬಿದ್ದೆ ಎಂಬ ಭಯ, ಮತ್ತೆಂತ?

ಹಾಡುವ ಹುಡುಗ ಇಳಿದು ಬಂದು ಮೈಕನ್ನು ನನ್ನ ಬಾಯಿಗೇ ಹಿಡಿದ. "ಅಮ್ಮೂಮ್ಮೇ, ಒರು ಪಾಟ್ಟ್!" ಒಂದು ಹಾಡು ಬೇಕಂತೆ. ಆರು ವರ್ಷದಲ್ಲಿ ಮೊದಲ ಬಾರಿ ಮೈಕು ತಾನಾಗಿ ನನ್ನ ಹತ್ತಿರ ಬಂದಿತ್ತು, ಬಿಡುತ್ತೇನೆಯೇ? ಆದರೆ ಹಿಂದಿನ ಸಾಲಿನವಳಿಗೆ ಪೂರ್ತಿ ಬಾಯಿಪಾಠ ಇರುವುದು ಎಲ್ಲರೂ ಸೇರಿ ಹೇಳುವ ಹಾಡೊಂದೇ. ಮಂಗಳ. ಕಣ್ಣು ಮುಚ್ಚಿ ಅದನ್ನೇ ಹಾಡಿದೆ. ಚಪ್ಪಾಳೆ, ಸಿಳ್ಳೆ!

ಕಣ್ಣು ಬಿಟ್ಟರೆ ರಾಯರು ಕೋಲು ಕೆಳಗಿಟ್ಟು, ಎದ್ದು ನಿಂತು, ಕೈ ಮುಗಿದಿದ್ದಾರೆ. ಆಮೇಲೆ ಡ್ರಮ್ಮಿಗೆ ಬಟ್ಟೆ ಮುಚ್ಚತೊಡಗಿದರು. ಮ್ಯಾನೇಜರು ಓಡಿ ಬಂದ. ಮೂರನೇ ಬ್ಯಾಂಡಿಗೂ ಇವರೇ ಡ್ರಮ್ಮಂತೆ.

"ಸಾರೇ, ಎಂಟೂವರೆ ಅಷ್ಟೇ ಆದದ್ದು!" ಎಂದು ಅವನು ಮಲಯಾಳದಲ್ಲಿ ಗೋಗರೆದ.

"ಮಂಗಳ ಆಯ್ತಲ್ಲ. ಮಂಗಳ ಆದ್ಮೇಲೆ ನುಡಿಸೋ ಹಾಗಿಲ್ಲ" ಎಂದರು ರಾಯರು, ಅದೂ ಕನ್ನಡದಲ್ಲಿ.

ಆಕಾಶಕ್ಕೆ ರಾಕೆಟ್ ಬಿಟ್ಟ ಮನುಷ್ಯ, ಮತ್ತೊಂದು ಪೆಟ್ಟು ಹಾಕಲಿಲ್ಲ. ಮೂರನೇ ಬ್ಯಾಂಡಿನವರು ಗಿಟಾರು ಅಪ್ಪಿಕೊಂಡು ನಿಂತೇ ಇದ್ದರು. ದುಡ್ಡು ಕೊಟ್ಟು ಬಂದ ಜನ ಒಬ್ಬೊಬ್ಬರೇ ಎದ್ದು ಹೋದರು, ಪ್ರಸಾದವೂ ಇಲ್ಲದೆ.

ಎದುರು ಮನೆಯಾಕೆ ಹೇಳಿದ್ದು

ಒಂದೇ ಆಟೋದಲ್ಲಿ ಹಿಂದೆ ಬಂದೆವು. ಯಾರಿಗೂ ಹೇಳುವುದಿಲ್ಲ ಎಂದು ರಾಯರಿಗೆ ಮಾತು ಕೊಟ್ಟೆ, ಇಳಿಯುವವರೆಗೆ ಉಳಿಸಿಕೊಂಡೆ.

ಮುಂದಿನ ಶನಿವಾರ ಎಲ್ಲರಿಗಿಂತ ಮೊದಲು ಹೋಗಿ ಮೈಕಿನ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತೆ. ಆಕೆ ಬಂದಳು. ನಾನು ದನಿ ತಗ್ಗಿಸಿ, ಮುಖದಲ್ಲಿ ಇದ್ದಬದ್ದ ಮರುಕವನ್ನೆಲ್ಲ ತಂದುಕೊಂಡು, "ನೋಡು ಮಗಾ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಗಂಡ ಶನಿವಾರ ಎಲ್ಲಿಗೆ ಹೋಗುತ್ತಾರೆ ಗೊತ್ತುಂಟೋ?" ಎಂದೆ.

ಆಕೆ ಮೈಕನ್ನು ಎತ್ತಿ ತನ್ನ ಕಡೆಗೆ ಇಟ್ಟುಕೊಂಡಳು. ಅದು ಆನ್ ಆಗಿತ್ತು. ಬರುತ್ತಿದ್ದ ಹೆಂಗಸರೆಲ್ಲ ಬಾಗಿಲಲ್ಲೇ ನಿಂತರು.

"ಗೊತ್ತು ದೊಡ್ಡಮ್ಮ. ಆ ಕಪ್ಪು ಶರ್ಟಿಗೆ ಇಸ್ತ್ರಿ ಹಾಕೋದೇ ನಾನು. ಪಾಪ, ಇಷ್ಟು ವರ್ಷ ಒಳಗಿನ ರೂಮಲ್ಲಿ ಕಿವಿಗೆ ಹತ್ತಿ ಇಟ್ಕೊಂಡು ಕೂತಿರ್ತಿದ್ರು. ನಿಮ್ಮ ತಾಳದಿಂದ ತಪ್ಪಿಸ್ಕೊಳ್ಳೋಕೆ ಅಂತ್ಲೇ ಆ ಬಾರಿಗೆ ಸೇರಿದ್ದು. ಈಗ ಅಲ್ಲಿಗೂ ತಾಳ ತಗೊಂಡು ಹೋದ್ರಿ. ಇನ್ನು ಅವರನ್ನ ರಾಕೆಟ್‌ನಲ್ಲೇ ಕೂರಿಸಿ ಕಳಿಸ್ಬೇಕು ಅಷ್ಟೆ."