ಮೊದಲ ತುತ್ತು, ಕೊನೆಯ ತುತ್ತು

ಒಲೆಗೇ ಊಟ ಬಡಿಸುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಅಕ್ಕನ ಗಂಡ. ದುಬೈಯ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ಒಂದು ಕೋಣೆಯ ಮನೆಯಲ್ಲಿ ಅವರ ಪೂಜೆ ಸಲ್ಲುವುದು ಹೆಸ್ಟಿಯಾ ಎಂಬ ಪುರಾತನ ಗ್ರೀಕ್ ದೇವತೆಗೆ. ಒಲೆಯ ಬೆಂಕಿಯೇ ಅವಳು. ಊಟದ ಮೊದಲ ತುತ್ತು ಅವಳಿಗೆ, ಕೊನೆಯ ತುತ್ತೂ ಅವಳಿಗೆ. ಇಂಟರ್ನೆಟ್ಟಿನಲ್ಲಿ ಅವಳ ಭಕ್ತರದೊಂದು ಗುಂಪಿದೆಯಂತೆ. ಅದರಲ್ಲಿ ಉಡುಪಿ ಕಡೆಯವರು ಇವರೊಬ್ಬರೇ ಎಂದು ಧೈರ್ಯವಾಗಿ ಹೇಳಬಲ್ಲೆ.

"ನಮ್ಮ ದೇವರುಗಳೆಲ್ಲ ರಜೆಯಲ್ಲಿ ಊರಿಗೆ ಹೋಗಿದ್ದಾರಾ?" ಎಂದು ಅಕ್ಕ ಕೇಳಿದ್ದಳು.

"ಇವಳಿಗೆ ಗುಡಿ ಬೇಡ, ಮೂರ್ತಿ ಬೇಡ ಮಾರಾಯ್ತಿ. ಒಲೆ ಹತ್ತಿರ ಜಾಗ ಇದ್ದರೆ ಸಾಕು. ನಿನ್ನ ಹಾಗೆ."

"ಹಾಗಾದರೆ ಪಾತ್ರೆಯನ್ನೂ ಅವಳೇ ತೊಳೆಯಲಿ."

ಭಾವನ ಉದ್ಯೋಗ ಕಟ್ಟಡಗಳ ಫೈರ್ ಅಲಾರ್ಮ್ ಪರೀಕ್ಷಿಸುವುದು. ಅಂಥವರೇ ಒಂದು ಸಂಜೆ ತುಪ್ಪದನ್ನವನ್ನು ಬೆಂಕಿಗೆ ಹಾಕಿ ಸ್ವಂತ ಕಟ್ಟಡವನ್ನೇ ಕೂಗಿಸಿದರು. ಜನರೆಲ್ಲ ರಸ್ತೆಗೆ ಬಂದರು. ಕೆಳಮನೆಯ ಭಟ್ಕಳದ ಸಾಹೇಬರು ಮುಖದ ಅರ್ಧಕ್ಕೆ ಸೋಪು ಹಚ್ಚಿಕೊಂಡೇ ನಿಂತಿದ್ದರು. "ಅಲಾರ್ಮ್ ಚೆನ್ನಾಗಿ ಕೆಲಸ ಮಾಡ್ತದೆ ಭಾಯ್, ನಂಬಿದೆವು. ಖಲಾಸ್, ಇನ್ನು ಒಳಗೆ ಹೋಗುವನಾ?" ಎಂದರು. ಅಂದಿನಿಂದ ತುತ್ತು ಬೆಂಕಿಯೊಳಗಲ್ಲ, ಒಲೆಯ ಪಕ್ಕದ ಬಟ್ಟಲಿಗೆ.

ಕಳೆದ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡಳು. ಆಸ್ಪತ್ರೆಯಲ್ಲಿದ್ದದ್ದು ಹದಿನಾರು ದಿನ.

ಆಮೇಲೂ ಭಾವ ಅಡುಗೆ ಬಿಡಲಿಲ್ಲ. ಭಾನುವಾರಗಳಂದು ನಾನು ಅಲ್ ಬರ್ಷಾದ ನನ್ನ ಕೋಣೆಯಿಂದ ಅಲ್ಲಿಗೆ ಹೋಗುತ್ತಿದ್ದೆ. ಕೆಲವು ವಾರಗಳ ಮೇಲೆ ಗಮನಿಸಿದೆ: ಮೊದಲ ತುತ್ತು ಒಲೆಗೆ, ಕೊನೆಯ ತುತ್ತು ಒಲೆಗೆ, ನಡುವೆ ಏನೂ ಇಲ್ಲ. ಚಹಾ ಕುಡಿದೇ ಬದುಕಿದ್ದರು. ಬೆಲ್ಟಿಗೆ ಮೊಳೆಯಿಂದ ಹೊಡೆದ ಹೊಸ ತೂತುಗಳನ್ನು ಎಣಿಸಿದೆ. ಮೂರು.

"ಕೊನೆಯ ತುತ್ತು ಅನ್ನಬೇಕಾದರೆ ನಡುವೆ ಯಾರಾದರೂ ಉಣ್ಣಬೇಕಲ್ಲ ಭಾವ?" ಎಂದು ಶಾಸ್ತ್ರ ತೆಗೆದೆ.

ಭಾವ ತಟ್ಟೆಯನ್ನು ನನ್ನ ಕಡೆ ಸರಿಸಿದರು. "ಹೌದು. ನೀನು ಉಣ್ಣು."

ಹೀಗೆ ಉಪವಾಸ ಅವರದು, ದಪ್ಪಗಾದವನು ನಾನು. ಇನ್ನೊಂದು ಸಂಗತಿಯಿದೆ. ದೇವರಿಗಿಡುವ ಅಡುಗೆಯ ರುಚಿ ನೋಡಬಾರದೆಂಬ ನಮ್ಮ ಕಡೆಯ ನಿಯಮವನ್ನು ಅವರು ಗ್ರೀಕ್ ದೇವತೆಗೂ ಪಾಲಿಸುತ್ತಿದ್ದರು. ಕಣ್ಣಂದಾಜಿನಲ್ಲಿ ಉಪ್ಪು ಹಾಕುತ್ತಿದ್ದವಳು ಅಕ್ಕ. ಇವರಿಗೆ ಉಪ್ಪಿನ ನೆನಪೇ ಇರಲಿಲ್ಲ. ಹೆಂಡತಿಯನ್ನು ಕಳೆದುಕೊಂಡವರಿಗೆ ಸಾರು ಸಪ್ಪೆ ಎಂದು ಹೇಗೆ ಹೇಳುವುದು? ಸುಮ್ಮನೆ ಉಂಡೆ.

ಹೋದ ಭಾನುವಾರ ತಟ್ಟೆಯ ಮುಂದೆ ಕೂತೆ, ಕೈ ಏಳಲಿಲ್ಲ. "ನನಗೂ ಸೇರುವುದಿಲ್ಲ ಭಾವ," ಎಂದೆ. ಅದು ಉಪಾಯವಾಗಿರಲಿಲ್ಲ. ಅಕ್ಕನಿಗಾಗಿ ನಾನು ಅತ್ತದ್ದು ಅಂದೇ ಮೊದಲು.

ಭಾವ ಗಾಬರಿಯಾದರು. ಎದುರು ಕೂತು ಸಾರನ್ನ ಕಲಸಿ, "ಬಾಯಿ ತೆರೆ ಮಾರಾಯ," ಎಂದು ತುತ್ತು ಇಟ್ಟರು. ಬೆರಳಿಗೆ ಅಂಟಿದ ಅಗುಳನ್ನು ಅರಿವಿಲ್ಲದೆ ನೆಕ್ಕಿದರು. ಕೈ ಅಲ್ಲೇ ನಿಂತಿತು.

"ಉಪ್ಪೇ ಇಲ್ಲ."

"ಇಲ್ಲ."

"ಯಾವಾಗಿನಿಂದ?"

"ಅಕ್ಕ ಹೋದಲ್ಲಿಂದ."

"ಹೇಳುವುದಲ್ವಾ ನೀನು? ಅವಳಾಗಿದ್ದರೆ ತಟ್ಟೆ ನೂಕಿ ಏಳುತ್ತಿದ್ದಳು."

ಉಪ್ಪಿನ ಡಬ್ಬಿ ತಂದರು. ಒಂದು ಚಿಟಿಕೆ ಹಾಕಿ ಕಲಸಿ, ಸರಿಯಾಯಿತೇ ಎಂದು ಬಾಯಿಗಿಟ್ಟು ನೋಡಿದರು. ಇನ್ನೊಂದು ಚಿಟಿಕೆ. ಮತ್ತೆ ನೋಡಿದರು.

"ಇನ್ನು ಸ್ವಲ್ಪ ಬೇಕಾ?"

"ಗೊತ್ತಾಗುತ್ತಿಲ್ಲ ಭಾವ," ಎಂದೆ. "ನೀವೇ ಇನ್ನೊಮ್ಮೆ ನೋಡಿ."