ವಾರಕ್ಕೆ ಮೂರೇ ದಿನ

೧. ಜರಡಿ

ಡಾಕ್ಟರು ಕಾಗದದ ಮೇಲೆ ಜರಡಿಯ ಚಿತ್ರ ಬರೆದರು.

"ಕಿಡ್ನಿ ಅಂದ್ರೆ ಇದು. ರಕ್ತ ಸೋಸುತ್ತೆ, ಕಸ ಮೂತ್ರದಲ್ಲಿ ಹೋಗುತ್ತೆ. ನಿಮ್ಮದು ಕೆಲಸ ನಿಲ್ಲಿಸಿದೆ."

ನಾನು ಮೂಡಿಗೆರೆ ಕಡೆಯ ಎಸ್ಟೇಟಿನಲ್ಲಿ ನಲವತ್ತು ವರ್ಷ ರೈಟರ್ ಆಗಿದ್ದವನು. ಆಳುಗಳು ಕೊಯ್ದು ತಂದ ಕಾಫಿ ಹಣ್ಣು ತೂಗಿಸಿ ಲೆಕ್ಕ ಬರೆಯುವುದು ನನ್ನ ಕೆಲಸ. ಜರಡಿ ಎಂದರೇನು ಎಂದು ನನಗೆ ಗೊತ್ತು.

"ಬೇಕಾದ್ದೂ ತೂತಲ್ಲಿ ಹೋಗಲ್ವಾ?" ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೋಗುತ್ತೆ. ನೀರು, ಉಪ್ಪು, ಸಕ್ಕರೆ ಎಲ್ಲ ಒಮ್ಮೆ ಆಚೆ ಹೋಗುತ್ತೆ. ಆಮೇಲೆ ಕಿಡ್ನಿ ಬೇಕಾದಷ್ಟನ್ನು ಆರಿಸಿ ರಕ್ತಕ್ಕೆ ವಾಪಸ್ ಕೊಡುತ್ತೆ. ಉಳಿದದ್ದೇ ಮೂತ್ರ."

"ಹಾಗಾದ್ರೆ ಅದು ಜರಡಿ ಅಲ್ಲ. ಚೀಲ ಸುರಿಸಿ, ಹಣ್ಣು ಆರಿಸಿ, ಎಲೆ ಕಡ್ಡಿ ಎಸೆಯೋದು. ಅದು ರೈಟರ್ ಕೆಲಸ."

"ಸರಿ. ನಿಮ್ಮೊಳಗಿನ ರೈಟರ್ ರಿಟೈರ್ ಆಗಿದ್ದಾರೆ."

"ಇಬ್ಬರಿದ್ರಲ್ಲ?"

"ಒಟ್ಟಿಗೇ ಆದ್ರು."

೨. ಹಾಲು

ವಾರಕ್ಕೆ ಮೂರು ದಿನ ಡಯಾಲಿಸಿಸ್ ಶುರುವಾಯಿತು. ಕಿಡ್ನಿಯ ಕೆಲಸ ಯಂತ್ರ ಮಾಡುತ್ತದೆ. ಆದರೆ ನಡುವಿನ ದಿನಗಳಲ್ಲಿ ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ. ಒಂದು ಸಲದಿಂದ ಇನ್ನೊಂದು ಸಲಕ್ಕೆ ತೂಕ ಎರಡು ಕೆಜಿಗಿಂತ ಜಾಸ್ತಿ ಏರಿದರೆ ನಾಲ್ಕನೇ ದಿನವೂ ಬರಬೇಕು ಎಂದರು ಡಾಕ್ಟರು.

ಮೂರು ದಿನ ಕೊಟ್ಟಿದ್ದೇನೆ, ನಾಲ್ಕನೆಯದು ಕೊಡುವುದಿಲ್ಲ ಎಂದೆ.

ನಮ್ಮ ಕಡೆ ಕಾಫಿ ಕುಡಿಯದೆ ಯಾರ ಮನೆಯಿಂದಲೂ ಏಳುವಂತಿಲ್ಲ. ಪಕ್ಕದ ತೋಟದವನು ನನ್ನ ಓರಗೆಯವನು. ನೀರು ಕುಡಿಯುವಂತಿಲ್ಲ ಎಂದು ಅವನಿಗೆ ಬಿಡಿಸಿ ಹೇಳಿದೆ. ತಲೆಯಾಡಿಸಿದ. ಒಳಗೆ ಹೋಗಿ ದೊಡ್ಡ ಲೋಟ ತಂದಿಟ್ಟ.

"ಕುಡಿ ಮಾರಾಯ. ಬರೀ ಹಾಲು, ಗಟ್ಟಿ ಡಿಕಾಕ್ಷನ್. ಹಾಲಿಗೆ ಒಂದು ಹನಿ ನೀರು ಸೇರಿಸಿಲ್ಲ."

"ಹಾಲೂ ನೀರೇ ಮಾರಾಯ."

"ನಮ್ಮ ಹಸುವಿನ ಹಾಲಿಗೆ ಹಂಗನ್ನಬೇಡ."

ಹದಿನೈದು ದಿನ ಮಾತು ಬಿಟ್ಟ.

೩. ತೂಕ

ತಂಗಿಯ ಮನೆಯಲ್ಲಿ ನಾಮಕರಣ. ಪಾಯಸ ಗಟ್ಟಿಯಾಗಿತ್ತು. ಪಾಯಸ ನೀರಲ್ಲ ಎಂದು ತೀರ್ಮಾನಿಸಿದೆ. ಮೂರು ಲೋಟ ಹೋಯಿತು.

ಮರುದಿನ ಡಯಾಲಿಸಿಸ್. ಮೊದಲು ತೂಕ ನೋಡುತ್ತಾರೆ. ಚಪ್ಪಲಿ ಬಿಟ್ಟೆ. ಸ್ವೆಟರ್, ವಾಚು, ಬೀಗದ ಕೈ, ಕೊನೆಗೆ ಹಲ್ಲಿನ ಸೆಟ್ಟು, ಎಲ್ಲ ಹೆಂಡತಿಯ ಕೈಗೆ ಕೊಟ್ಟೆ.

"ಪಂಚೆ ಇರ್ಲಿ," ಎಂದಳು.

ತೂಕದ ಯಂತ್ರ ಹತ್ತಿದೆ. ಪಕ್ಕದಲ್ಲೇ ಗೋಡೆ. ಎರಡು ಬೆರಳು ಊರಿ ಸ್ವಲ್ಪ ಭಾರ ಅದಕ್ಕೆ ಕೊಟ್ಟೆ.

ಅಲ್ಲಿಯ ನರ್ಸಮ್ಮನ ತಾಯಿ ನಮ್ಮ ಎಸ್ಟೇಟಿನಲ್ಲೇ ಹಣ್ಣು ಕೊಯ್ಯುತ್ತಿದ್ದವಳು. ತೂಕ ಜಾಸ್ತಿ ಬರಲಿ ಎಂದು ಚೀಲವನ್ನು ಮೆಲ್ಲಗೆ ಕೆಳಕ್ಕೆ ಒತ್ತುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ದಿನಾ ಕೂಗುತ್ತಿದ್ದೆ, ಕೈ ತೆಗಿ ಎಂದು.

ನರ್ಸಮ್ಮ ಅಂಕಿ ನೋಡಲಿಲ್ಲ. ನನ್ನ ಮುಖ ನೋಡಿದಳು.

"ರೈಟ್ರೇ, ಕೈ ತೆಗೀರಿ."

"ಯಾವ ಕೈ?"

"ಚೀಲ ಒತ್ತೋರು ತಕ್ಕಡಿ ನೋಡಲ್ಲ, ಆಕಾಶ ನೋಡ್ತಾರೆ ಅಂತ ನೀವೇ ಹೇಳ್ತಿದ್ರಂತೆ. ಅಮ್ಮ ಈಗಲೂ ನೆನೆಸ್ಕೊಂಡು ಬೈತಾಳೆ. ನೀವು ಆಗ್ಲಿಂದ ಫ್ಯಾನ್ ನೋಡ್ತಿದ್ದೀರಿ."

ಕೈ ತೆಗೆದೆ. ಎರಡು ಕೆಜಿ ನಾನೂರು ಗ್ರಾಂ ಏರಿತ್ತು.

ಆ ವಾರ ನಾಲ್ಕು ದಿನ ಹೋದೆ. ಮುಂದಿನ ವಾರ ಎರಡೂ ಕೈ ಮೇಲೆತ್ತಿಕೊಂಡು ಹತ್ತಿದೆ. ಏರಿದ್ದು ಒಂದೂ ಮುಕ್ಕಾಲು ಕೆಜಿ. ನಾಲ್ಕನೇ ದಿನ ರದ್ದಾಯಿತು.