ವೆಬ್ಬೋ, ಡೆಸ್ಕ್‌ಟಾಪೋ: ಗಂಜ್ ಅಂಗಡಿಯ ಪಾಸ್‌ವರ್ಡ್‌ಗಳು

ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ತೊಗರಿ ಅಂಗಡಿಯೊಂದಕ್ಕೆ ಮ್ಯಾನೇಜರಾಗಿ ಸೇರಿದ ದಿನವೇ ನಾನು ಹಾಕಿದ ನಿಯಮವಿದು. ಅದನ್ನು ಮುರಿಯದ ವಾರ ನಮ್ಮಲ್ಲಿಲ್ಲ.

ಫೋನು

ನಮ್ಮ ಇನ್ನೊಂದು ಅಂಗಡಿ ಕಮಲಾಪುರದಲ್ಲಿದೆ. ಅಲ್ಲಿಯ ಗುಮಾಸ್ತ ಫೋನ್ ಮಾಡಿ ಪಾಸ್‌ವರ್ಡ್ ಕೇಳಿದ. ಲೆಕ್ಕ ಬರೆಯುವ ನಮ್ಮ ಮುನೀಮರು ಹಮಾಲರ ಗದ್ದಲ ಮೀರಿಸಿ ಒಂದೊಂದೇ ಅಕ್ಷರ ಕೂಗಿದರು. ನಾನು ಓಡಿ ಬರುವಷ್ಟರಲ್ಲಿ ಎದುರಿನ ಚಹಾದವನು ತಿದ್ದಿದ: "ಮುನೀಮ್ ಸಾಬ್, ಕೊನಿಗಿ ಸ್ಟಾರ್ ಬಿಟ್ರಿ!"

ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಡೆಸ್ಕ್‌ಟಾಪು

ಪಾಸ್‌ವರ್ಡ್‌ಗಳನ್ನೆಲ್ಲ ಒಂದೇ ಮುಖ್ಯ ಪಾಸ್‌ವರ್ಡಿನಡಿ ಬೀಗ ಹಾಕಿಡುವ ಸಾಫ್ಟ್‌ವೇರ್ ತರಿಸಿದೆ. ವೆಬ್‌ನಲ್ಲಿಟ್ಟರೆ ಎಲ್ಲಿಂದಲಾದರೂ ತೆಗೆಯಬಹುದು, ಆದರೆ ನಮ್ಮ ಗುಟ್ಟು ಬೇರೆಯವರ ಮನೆಯಲ್ಲಿ. ಡೆಸ್ಕ್‌ಟಾಪ್‌ನಲ್ಲಿಟ್ಟರೆ ನಮ್ಮ ಯಂತ್ರ ಬಿಟ್ಟು ಕದಲದು. ನಾನು ಶಿಸ್ತಿನ ಮನುಷ್ಯ, ಡೆಸ್ಕ್‌ಟಾಪೇ ಆರಿಸಿದೆ.

ಮರುವಾರ ಗುಮಾಸ್ತ ಪಾಸ್‌ವರ್ಡ್ ಬೇಕೆಂದು ಕಲಬುರಗಿಗೆ ಬಂದವನು ಇಡೀ ಸಿಪಿಯು ಹೊತ್ತು ಕಮಲಾಪುರದ ಬಸ್ ಹತ್ತಿದ್ದ! ಫೋನ್ ಮಾಡಿ ಬೈದೆ.

"ನಾ ಯಾರಿಗೂ ಹೇಳಿಲ್ರಿ ಸರ್. ತೊಡಿ ಮ್ಯಾಲ ಇಟ್ಕೊಂಡು ಕುಂತೀನಿ. ಮುನೀಮ್ರು ಮುಖ್ಯ ಪಾಸ್‌ವರ್ಡಿನ ಚೀಟಿ ಇದರ ಮ್ಯಾಲೇ ಹಚ್ಯಾರ, ಕಂಡಕ್ಟರ್ ಓದ್ಲಾಕತ್ತಾನ."

ವೆಬ್ಬು

ಸೋತು ವೆಬ್ಬಿಗೆ ಬಂದೆ. ನನಗೊಂದು ಮುಖ್ಯ ಪಾಸ್‌ವರ್ಡ್, ಕಮಲಾಪುರದ ಅಂಗಡಿ ನಡೆಸುವ ಮಾಲಕರ ಅಕ್ಕನಿಗೊಂದು.

ಅಂಗಡಿಯ ಲೈಸೆನ್ಸ್ ನವೀಕರಣದ ಕಡೆಯ ದಿನ ಬಂತು. ತಪ್ಪಿದರೆ ಅಂಗಡಿ ಬಂದ್. ಕಾಗದಪತ್ರವೆಲ್ಲ ಗಂಜ್‌ನ ಕಂಪ್ಯೂಟರಿನಲ್ಲಿ, ಲೈಸೆನ್ಸಿನ ಪಾಸ್‌ವರ್ಡ್ ವೆಬ್ಬಿನ ಬೀಗದೊಳಗೆ. ಅಷ್ಟು ಕಠಿಣವಾಗಿ ನಾನು ಹೆಣೆದ ಮುಖ್ಯ ಪಾಸ್‌ವರ್ಡ್ ನನಗೇ ನೆನಪಾಗಲಿಲ್ಲ. ಮಾಲಕರು ಎದುರಿಗೇ ಕೂತಿದ್ದರು. ಅಕ್ಕನಿಗೆ ಫೋನ್ ಮಾಡಿ ದನಿ ತಗ್ಗಿಸಿದೆ.

"ಅಕ್ಕಾರೆ, ನಿಮ್ಮ ಪಾಸ್‌ವರ್ಡ್ ಸ್ವಲ್ಪ ಹೇಳ್ರಿ."

"ಹೇಳಂಗಿಲ್ಲ."

"ಒಂದ್ಸಲ ಅಷ್ಟೇ ರೀ."

"ಪಾಸ್‌ವರ್ಡ್ ಕೇಳಾವ್ರೆಲ್ಲ ಕಳ್ಳರು ಅಂತ ಪಾಠ ಮಾಡ್ದವ್ರು ಯಾರ್ರಿ?"

ಪಾಠ ಮಾಡಿದವನು ನಾನೇ. ಮಾಲಕರು ಫೋನ್ ಕಸಿದುಕೊಂಡರು: "ಅಕ್ಕಾ, ನಾ ಕೇಳ್ಲಾಕತ್ತೀನಿ!"

"ನಿನ್ನ ಬಾಯಾಗ ಎಂದಾದ್ರೂ ಮಾತು ನಿಂತದೇನೋ? ಅಲ್ಲೇ ಇರ್ರಿ, ನಾನೇ ಬರ್ತೀನಿ."

ಬಂದರು. ಲೈಸೆನ್ಸ್ ಉಳಿಯಿತು. ಆದರೆ ಅದಕ್ಕೂ ಮೊದಲು ಮಾಲಕರನ್ನು, ಮುನೀಮರನ್ನು, ನನ್ನನ್ನು ಸಾಲಾಗಿ ಗೋಡೆಯತ್ತ ಮುಖ ಮಾಡಿಸಿ ನಿಲ್ಲಿಸಿದರು. ನಾನು ಮೆಲ್ಲಗೆ ಇಣುಕಿದೆ.

"ಮ್ಯಾನೇಜರ್ ಸಾಹೇಬ್ರ, ನೀವೂನು!" ಎಂದವರೇ, ಹಿಂದಿನ ಕಾಲದ ದಲಾಲರು ಟವೆಲ್ಲಿನಡಿ ಬೆರಳು ಮುಟ್ಟಿ ಗುಟ್ಟಾಗಿ ದರ ಹೇಳುತ್ತಿದ್ದರಲ್ಲ, ಹಾಗೆ ಕೀಬೋರ್ಡಿಗೆ ಸೆರಗು ಹೊದಿಸಿ, ಒಳಗೆ ಕೈ ತೂರಿಸಿ ಟೈಪ್ ಮಾಡಿದರು.